ಹೆಂಗಸರ ಕಡೆಯ ವಿಡಿಯೋ

ಕ್ಯಾಮೆರಾ ಹಿಡಿದು ಬಂದವಳು ಶೀಬಾ ಎಂದು ಗುರುತು ಸಿಕ್ಕಿದ್ದೇ ತಡ, ಹಮೀದಾ ಆಪಾ ಮುಖದ ಮೇಲಿನ ನಖಾಬನ್ನು ಎತ್ತಿ ತಲೆಯ ಹಿಂದಕ್ಕೆ ಹಾಕಿಕೊಂಡರು. ಬಿಸಿಲಿಗೆ ಕೆಂಪಾಗಿ ಬೆವರಿದ್ದ ಮುಖವನ್ನು ದುಪಟ್ಟಾದ ತುದಿಯಿಂದ ಒರೆಸಿಕೊಂಡು ನಕ್ಕರು.

"ನಮ್ದು ಶೀಬಾ ಇವಳು," ಎಂದು ಪಕ್ಕದಲ್ಲಿ ಕೂತವರಿಗೆ ಹೇಳಿದರು. "ಫಾಯಿಜಾ ಮದುವೇಲಿ ಹೆಂಗಸರ ಕಡೆ ಶೂಟಿಂಗ್ ಮಾಡಿದ್ಳಲ್ಲ, ಅವಳೇ. ಡರೋ ನಕ್ಕೋ."

ಹೆದರಬೇಡಿ ಎಂಬ ಆ ಮಾತು ಸಾಲಿನಿಂದ ಸಾಲಿಗೆ ಹೋಯಿತು. ನೀಲಿ ಟಾರ್ಪಾಲಿನ ನೆರಳಲ್ಲಿ ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಮುಖ ತೆರೆದರು. ಮದುವೆ ಹಾಲ್‌ನ ಬಾಗಿಲು ಮುಚ್ಚಿ, ಗಂಡಸರೆಲ್ಲ ಆಚೆ ಹೋದ ಮೇಲೆ ತೆರೆಯುತ್ತಾರಲ್ಲ, ಅದೇ ರೀತಿ. ಒಬ್ಬಾಕೆ ಕಿವಿಯೋಲೆ ಸರಿಮಾಡಿಕೊಂಡಳು. ಇನ್ನೊಬ್ಬಾಕೆ ಮಡಿಲಲ್ಲಿದ್ದ ಮಗುವಿನ ಮೂಗು ಒರೆಸಿ ಅದನ್ನೂ ಕ್ಯಾಮೆರಾದ ಕಡೆ ತಿರುಗಿಸಿದಳು. ಶೀಬಾ ಎಡದಿಂದ ಬಲಕ್ಕೆ, ಪ್ರತಿ ಮುಖದ ಮೇಲೂ ಒಂದು ಕ್ಷಣ ನಿಂತು, ನಿಧಾನವಾಗಿ ಸಾಗಿದಳು. ಕೈಗೆ ಬಂದುಹೋದ ಅಭ್ಯಾಸ ಅದು. ಮದುವೆಯ ವಿಡಿಯೋದಲ್ಲಿ ಒಬ್ಬ ಚಿಕ್ಕಮ್ಮನ ಮುಖ ಬಿಟ್ಟುಹೋದರೂ ವರ್ಷಗಟ್ಟಲೆ ಆಕ್ಷೇಪಣೆ ಕೇಳಬೇಕಾಗುತ್ತದೆ.

ಅವರು ಕೂತಿದ್ದುದು ಶಿವಾಜಿನಗರದ ಹಕೀಂ ಸಾಬ್ ಗಲ್ಲಿಯ ಹೆಣ್ಣುಮಕ್ಕಳ ಸರ್ಕಾರಿ ಶಾಲೆಯ ಗೇಟಿನ ಮುಂದೆ. ಮಕ್ಕಳ ಸಂಖ್ಯೆ ಕಡಿಮೆಯಾಗಿದೆ ಎಂದು ಕಾರಣ ಕೊಟ್ಟು, ಶಾಲೆ ಮುಚ್ಚಿ ಆ ಜಾಗದಲ್ಲಿ ಕಾರು ನಿಲ್ಲಿಸುವ ಬಹುಮಹಡಿ ಕಟ್ಟಡ ಕಟ್ಟಲು ಆದೇಶವಾಗಿತ್ತು. ಹಮೀದಾ ಅದೇ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವರು. ಮಗಳು ಫಾಯಿಜಾ ಓದಿದ್ದೂ ಅಲ್ಲೇ. ಧರಣಿ ಮಾಡುವುದಿದ್ದರೆ ಫ್ರೀಡಂ ಪಾರ್ಕಿಗೆ ಹೋಗಿ, ಊರಲ್ಲಿ ಬೇರೆಲ್ಲೂ ಕೂರುವಂತಿಲ್ಲ ಎಂದು ಪೊಲೀಸರು ದಿನವೂ ಬಂದು ಹೇಳುತ್ತಿದ್ದರು. ಶಾಲೆ ಇರುವುದು ಇಲ್ಲಿ, ಅಲ್ಲಿ ಹೋಗಿ ಯಾರನ್ನು ಕೇಳೋದು ಎಂದು ಹಮೀದಾ ದಿನವೂ ಅದೇ ಉತ್ತರ ಕೊಡುತ್ತಿದ್ದರು.

ಶೀಬಾಳನ್ನು ಅಲ್ಲಿಗೆ ಕಳಿಸಿದ್ದು ಠಾಣೆಯ ಎಎಸ್‌ಐ ಪೀರಪ್ಪ. ಬಂದೋಬಸ್ತಿನ ದಿನಗಳಲ್ಲಿ ಠಾಣೆಯವರು ಹೊರಗಿನ ವಿಡಿಯೋದವರನ್ನು ಕರೆಸುವುದುಂಟು. ಸೆಪ್ಟೆಂಬರಿನ ಬೆಸಿಲಿಕಾ ಹಬ್ಬಕ್ಕೂ ಒಮ್ಮೆ ಗಣೇಶನ ಮೆರವಣಿಗೆಗೂ ಶೀಬಾ ಹೋಗಿ ಬಂದಿದ್ದಳು. ಚಿತ್ರೀಕರಿಸಿದ ಮೆಮೊರಿ ಕಾರ್ಡನ್ನು ಕೊಟ್ಟುಬಂದರೆ ಮುಗಿಯಿತು. ಅದು ಬೀರುವಿಗೆ ಹೋಗುತ್ತದೆ, ಯಾರೂ ನೋಡುವುದಿಲ್ಲ ಎಂದು ಪೀರಪ್ಪನವರೇ ನಗುತ್ತಾ ಹೇಳಿದ್ದರು. ಈ ಸಲ ಬೆಳಿಗ್ಗೆಯೇ ಫೋನ್ ಮಾಡಿ, ಗಂಡಸು ಕ್ಯಾಮೆರಾ ಹಿಡಿದು ಹೋದರೆ ಹೆಂಗಸರು ಬೆನ್ನು ತಿರುಗಿಸಿ ಕೂತುಬಿಡುತ್ತಾರೆ, ನೀನೇ ಬರಬೇಕು ಎಂದಿದ್ದರು. ವಿಜಯಪುರದ ಕಡೆಯ ಮನುಷ್ಯ. ಶಿವಾಜಿನಗರದಲ್ಲಿ ತಲೆ ನರೆತರೂ ಮಾತು ಮಾತ್ರ ಆ ಕಡೆಯದೇ ಉಳಿದಿತ್ತು.

"ಮಕಾ ಎಲ್ಲಾ ಚೊಲೋ ಬರ್ಲಿ ನೋಡವಾ ತಂಗಿ. ಸಾಹೇಬ್ರು ಹೊಸಬ್ರು ಬಂದಾರ, ಕ್ಲಿಯರ್ ಬೇಕು ಅಂತಾರ."

ಗಲ್ಲಿಯ ಹೆಸರು ಕೇಳಿದಾಗ ಶೀಬಾಗೆ ಸಮಾಧಾನವೇ ಆಗಿತ್ತು. ಗೊತ್ತಿರುವ ಜನ, ಕೆಲಸ ಬೇಗ ಮುಗಿಯುತ್ತದೆ. ಆದರೆ ಹೀಗೆ ಒಬ್ಬರಾದ ಮೇಲೊಬ್ಬರು ಅವಳಿಗಾಗಿಯೇ ಮುಖ ತೆರೆಯುತ್ತಾರೆ ಎಂದು ಅವಳು ಎಣಿಸಿರಲಿಲ್ಲ. ಎದುರಿನ ಕರೀಂ ಚಾಚಾನ ಅಂಗಡಿಯಿಂದ ಫಾಯಿಜಾ ಚಹಾ ತಂದುಕೊಟ್ಟು, "ಅಕ್ಕಾ, ನಮಗೋಸ್ಕರ ಬಂದ್ರಾ?" ಎಂದು ಕೇಳಿದಳು. ಮದುವೆಯಾಗಿ ವರ್ಷ ತುಂಬಿರದ ಹುಡುಗಿ. ಗಂಡನ ಮನೆ ಫ್ರೇಜರ್ ಟೌನ್. ಅಮ್ಮನ ಜೊತೆ ಕೂರಲೆಂದೇ ಬಂದಿದ್ದಳು. ಗಲ್ಲಿಯ ತುದಿಯಲ್ಲಿ ನಿಂತಿದ್ದ ಪೀರಪ್ಪನವರು ಬೇರೆ ಕಡೆ ನೋಡುತ್ತಿದ್ದರು.

"ಹ್ಞೂಂ, ಈ ಕಡೆ ಬಂದಿದ್ದೆ," ಎಂದಳು ಶೀಬಾ.

ಚಹಾ ಬಿಸಿಯಾಗಿತ್ತು. ಕುಡಿದು ಮುಗಿಸುವುದಕ್ಕೆ ಹೊತ್ತು ಹಿಡಿಯಿತು. ಹೊರಡುವಾಗ ಹಮೀದಾ, ಇದನ್ನು ನಮಗೂ ವಾಟ್ಸಾಪ್ ಮಾಡು, ಮುದುಕಿಯರು ಹೇಗೆ ಕೂತಿದ್ದರು ಅಂತ ನಾಳೆ ಮೊಮ್ಮಕ್ಕಳು ನೋಡಲಿ ಎಂದರು. ಆಗಲಿ ಎಂದು ತಲೆಯಾಡಿಸಿ ಶೀಬಾ ಸ್ಕೂಟರ್ ಹತ್ತಿದಳು. ಕಾರ್ಡನ್ನು ಅವತ್ತೇ ಠಾಣೆಗೆ ಕೊಟ್ಟಳು.

ಆ ವಾರವೇ ಒಂದು ಬೆಳಗ್ಗೆ ಜೆಸಿಬಿ ಬಂತು. ಶೀಬಾ ಆಗ ಮಾರತ್ತಹಳ್ಳಿಯಲ್ಲಿ ಒಂದು ನಿಶ್ಚಿತಾರ್ಥದ ಕೆಲಸದಲ್ಲಿದ್ದಳು. ಬಿಡುವಿನಲ್ಲಿ ಫೋನ್ ತೆರೆದಾಗ ಎಲ್ಲ ಗ್ರೂಪುಗಳಲ್ಲೂ ಅದೇ ಇತ್ತು. ಹೆಂಗಸರು ಗೇಟಿಗೆ ಅಡ್ಡ ನಿಂತಿದ್ದರು. ನೂಕಾಟವಾಗಿ ಟಾರ್ಪಾಲಿನ್ ಹರಿದಿತ್ತು. ಯಾರೋ ಎಸೆದ ಕಲ್ಲಿಗೆ ಜೆಸಿಬಿಯ ಗಾಜು ಒಡೆದು ಒಬ್ಬ ಕಾನ್‌ಸ್ಟೇಬಲ್‌ಗೆ ಗಾಯವಾಗಿತ್ತು. ಆಮೇಲೆ ಲಾಠಿ. ಕೆಲಸ ಅಲ್ಲಿಗೆ ನಿಂತಿತು, ಶಾಲೆ ಉಳಿಯಿತು. ಆದರೆ ಮರುದಿನದಿಂದ ಗಲ್ಲಿಗೆ ನೋಟಿಸ್ ಬರತೊಡಗಿದವು. ಕಲ್ಲೆಸೆದವರಿಗೆ ಮಾತ್ರ ಅಲ್ಲ, ಅಲ್ಲಿ ಕೂತಿದ್ದವರಿಗೂ. ಹೆಸರು, ಮನೆ ನಂಬರು, ಗಂಡನ ಹೆಸರು, ಎಲ್ಲ ಸರಿಯಾಗಿತ್ತು.

ಇದನ್ನು ಶೀಬಾಗೆ ಹೇಳಿದ್ದು ಫಾಯಿಜಾ. ಮದುವೆಯ ಆಲ್ಬಂ ಯಾವಾಗ ಪ್ರಿಂಟ್ ಆಗುತ್ತದೆ ಎಂದು ಕೇಳಲು ಫೋನ್ ಮಾಡಿದವಳು ಮಾತಿಗೆ ಮಾತು ಬಂದು ಹೇಳಿದಳು. ಹೊರಗಿನ ಪೊಲೀಸರಿಗೆ ಮನೆ ನಂಬರು ಹೇಗೆ ಗೊತ್ತಾಗುತ್ತದೆ, ಗಲ್ಲಿಯವರೇ ಯಾರೋ ಹೇಳಿದ್ದಾರೆ ಎಂದು ಎಲ್ಲರಿಗೂ ಅನುಮಾನ. ಎದುರಿಗೇ ಅಂಗಡಿ ಇಟ್ಟುಕೊಂಡು ದಿನವಿಡೀ ನೋಡುತ್ತಾ ಕೂತಿದ್ದವನು ಕರೀಂ ಚಾಚಾ. ಪೊಲೀಸರಿಗೂ ಚಹಾ ಕೊಟ್ಟವನು. ಈಗ ಅವನ ಅಂಗಡಿಗೆ ಯಾರೂ ಹೋಗುವುದಿಲ್ಲ. ಧರಣಿಗೂ ಯಾರೂ ಬರುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡುವುದಕ್ಕೆ ಹಿಂಜರಿಯುತ್ತಾರೆ. ಎಲ್ಲರಿಗಿಂತ ಮುಂದಿದ್ದ ಅಮ್ಮನಿಗೇ ಇನ್ನೂ ನೋಟಿಸ್ ಬಂದಿಲ್ಲ ಎಂದು ಫಾಯಿಜಾ ತಗ್ಗಿದ ದನಿಯಲ್ಲಿ ಹೇಳಿದಳು. ಅದಕ್ಕೂ ಜನ ಏನೇನೋ ಅಂದುಕೊಳ್ಳುತ್ತಿದ್ದಾರಂತೆ.

ಫೋನ್ ಇಟ್ಟ ಮೇಲೆ ಶೀಬಾಗೆ ತಾನು ಕೊಟ್ಟ ಕಾರ್ಡಿನ ನೆನಪಾಯಿತು. ಆದರೆ ಅದರಲ್ಲಿ ಇದ್ದುದು ಮುಖಗಳಷ್ಟೆ. ಯಾರ ಹೆಸರನ್ನೂ ಅವಳು ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಮುಖದ ಮೇಲೆ ಮನೆ ನಂಬರು ಬರೆದಿರುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಪೀರಪ್ಪನವರ ಫೋನ್ ಬಂದಾಗ ಯಾವುದೋ ಫೈಲ್ ತೆರೆಯುತ್ತಿಲ್ಲವೇನೋ ಅಂದುಕೊಂಡೇ ಹೋದಳು. ಠಾಣೆಯ ಮೇಲಿನ ಮಹಡಿಯ ಕೋಣೆಗೆ ಅವಳು ಹಿಂದೆ ಹೋಗಿರಲಿಲ್ಲ. ಎಸಿ ಹಾಕಿದ ಕೋಣೆ. ಗೋಡೆಗೆ ದೊಡ್ಡ ಪರದೆ. ಕೀಬೋರ್ಡಿನ ಮುಂದೆ ಇಬ್ಬರು ಯುವಕರು ಮಫ್ತಿಯಲ್ಲಿ ಕೂತಿದ್ದರು. ಹೊಸ ಇನ್ಸ್‌ಪೆಕ್ಟರ್ ಎದ್ದು ನಿಂತು, ಕೂತ್ಕೊಳ್ಳಿ ಮೇಡಂ ಎಂದು ಕುರ್ಚಿ ತೋರಿಸಿದರು. ಅವಳ ಕೆಲಸವನ್ನು ಬಹಳ ಮೆಚ್ಚಿಕೊಂಡರು. ಬೇರೆಯವರು ಮಾಡಿದ ವಿಡಿಯೋದಲ್ಲಿ ತಲೆಗಳು ಮಾತ್ರ ಕಾಣುತ್ತವೆ, ನಿಮ್ಮದರಲ್ಲಿ ಒಂದೊಂದು ಮುಖವೂ ಎದುರಿಗೇ ಇದೆ ಎಂದರು.

ಪರದೆಯ ಮೇಲೆ ಅವಳ ವಿಡಿಯೋ ಓಡುತ್ತಿತ್ತು. ಅದೇ ನೀಲಿ ನೆರಳು, ಅದೇ ಸಾಲು. ಕ್ಯಾಮೆರಾ ಒಂದು ಮುಖದ ಮೇಲೆ ನಿಂತಾಗ ಆ ಮುಖದ ಸುತ್ತ ಒಂದು ಚೌಕ ಮೂಡುತ್ತಿತ್ತು. ಹಸಿರು ಚೌಕವಾದರೆ ಪಕ್ಕದಲ್ಲಿ ಹೆಸರು, ವಯಸ್ಸು, ವಿಳಾಸ, ಯಾವುದೋ ಲೈಸೆನ್ಸಿನ ಹಳೆಯ ಫೋಟೋ. ಕಿವಿಯೋಲೆ ಸರಿಮಾಡಿಕೊಂಡಿದ್ದವಳ ಸುತ್ತ ಹಸಿರು. ಮಗುವಿನ ಮೂಗು ಒರೆಸಿದವಳ ಸುತ್ತ ಹಸಿರು. ಮಗುವಿನ ಮುಖದ ಸುತ್ತಲೂ ಒಂದು ಪುಟ್ಟ ಚೌಕ ಬಂದು, ಸ್ವಲ್ಪ ಹೊತ್ತು ಮಿನುಗಿ, ಕೆಂಪಾಯಿತು.

ಚಹಾ ತರಿಸಲೇ ಎಂದು ಇನ್ಸ್‌ಪೆಕ್ಟರ್ ಕೇಳಿದಾಗ ಶೀಬಾ ಪರದೆಯಿಂದ ಕಣ್ಣು ತೆಗೆಯದೆ ಬೇಡವೆಂದು ಕೈಯಾಡಿಸಿದಳು.

ಕೆಂಪು ಚೌಕಗಳೇ ಹೆಚ್ಚಾಗಿದ್ದವು. ಈ ಹೆಂಗಸರಿಗೆ ಲೈಸೆನ್ಸ್ ಇಲ್ಲ, ಪಾಸ್‌ಪೋರ್ಟ್ ಇಲ್ಲ, ಹಾಗಾಗಿ ಗುರುತು ಹತ್ತುತ್ತಿಲ್ಲ ಎಂದು ಇನ್ಸ್‌ಪೆಕ್ಟರ್ ವಿವರಿಸಿದರು. ಎಲ್ಲರನ್ನೂ ಮುನ್ನಡೆಸುತ್ತಿದ್ದ ಈಕೆಯೇ ಸಿಕ್ಕಿಲ್ಲ ನೋಡಿ ಎಂದು ವಿಡಿಯೋ ನಿಲ್ಲಿಸಿದರು. ಹಮೀದಾ ಆಪಾ ಮುಖ ಒರೆಸಿಕೊಂಡು ನಗುತ್ತಿದ್ದರು. ಸುತ್ತ ಕೆಂಪು ಚೌಕ.

"ಆದ್ರೆ ನಿಮ್ಮ ಹತ್ರ ಇದೆಯಲ್ಲ ಮೇಡಂ," ಎಂದರು ಇನ್ಸ್‌ಪೆಕ್ಟರ್. "ಪೀರಪ್ಪಾ, ಫೋನ್ ಕೊಡಿ."

ಬಾಗಿಲ ಬಳಿ ನಿಂತಿದ್ದ ಪೀರಪ್ಪ ಯಾರನ್ನೂ ನೋಡದೆ ಫೋನ್ ತೆಗೆದು ಕೊಟ್ಟರು. ಫಾಯಿಜಾಳ ಮದುವೆಯಲ್ಲಿ ಅವರೂ ಊಟ ಮಾಡಿದ್ದರು, ಗಂಡಸರ ಕಡೆ. ಆ ಮದುವೆಯ ಫೋಟೋಗಳ ಲಿಂಕ್ ಎಲ್ಲ ಅತಿಥಿಗಳಿಗೆ ಹೋದ ಹಾಗೆ ಅವರಿಗೂ ಹೋಗಿತ್ತು.

ಅದು ಶೀಬಾ ಹಿಂದಿನ ವರ್ಷ ಶುರುಮಾಡಿದ ಹೊಸ ವ್ಯವಸ್ಥೆ. ಮದುವೆಯ ಫೋಟೋಗಳನ್ನೆಲ್ಲ ಒಂದು ಆ್ಯಪಿಗೆ ಹಾಕುವುದು. ಅತಿಥಿಗಳು ಲಿಂಕ್ ತೆರೆದು ತಮ್ಮದೊಂದು ಸೆಲ್ಫಿ ಕೊಟ್ಟರೆ, ಸಾವಿರಾರು ಫೋಟೋಗಳಿಂದ ಅವರವರು ಇರುವಂಥವು ಮಾತ್ರ ಅವರವರಿಗೆ ಬರುತ್ತವೆ. ಶಿವಾಜಿನಗರದ ಮನೆಗಳಲ್ಲಿ ಮೊದಮೊದಲು ಇದಕ್ಕೆ ಯಾರೂ ಒಪ್ಪಿರಲಿಲ್ಲ. ಹೆಂಗಸರ ಕಡೆಯ ಫೋಟೋಗಳನ್ನು ಶೀಬಾ ಅಲ್ಲಿಯವರೆಗೆ ಮದುಮಗಳ ತಾಯಿಯ ಕೈಗೇ ಕೊಟ್ಟು ಬರುತ್ತಿದ್ದಳು. ಅವಳಿಗೆ ಆ ಕಡೆ ಇಷ್ಟು ಕೆಲಸ ಸಿಗುತ್ತಿದ್ದುದೂ ಆ ನಂಬಿಕೆಯಿಂದಲೇ. ಬೇರೆಯವರಿಗೆ ಕಂಡುಬಿಟ್ಟರೆ ಎಂದು ಹಮೀದಾ ಎರಡೆರಡು ಸಲ ಕೇಳಿದ್ದರು. ನಿಮ್ಮ ಮುಖವೇ ಬೀಗದ ಕೈ ಆಪಾ, ನೀವಲ್ಲದೆ ಯಾರಿಗೂ ತೆರೆಯುವುದಿಲ್ಲ ಎಂದು ಶೀಬಾ ಅವರಿಗೆ ಹೇಳಿದ್ದಳು. ಅವಳೂ ಹಾಗೆಂದೇ ನಂಬಿದ್ದಳು.

ಯುವಕರಲ್ಲಿ ಒಬ್ಬ ಫೋನನ್ನು ಪರದೆಗೆ ಜೋಡಿಸಿದ. ಧರಣಿಯ ವಿಡಿಯೋದಿಂದ ಹಮೀದಾರ ಮುಖವನ್ನು ಕತ್ತರಿಸಿ, ಸೆಲ್ಫಿ ಕೇಳುವ ಜಾಗದಲ್ಲಿ ಇಟ್ಟ. ಒಂದು ಚಕ್ರ ತಿರುಗಿತು.

ಆಮೇಲೆ ಗೋಡೆಯ ತುಂಬ ಹಮೀದಾ. ಮೆಹಂದಿಯ ದಿನ ಕೂದಲು ಬಿಚ್ಚಿ ಕೂತ ಹಮೀದಾ. ಹಳದಿ ಮೆತ್ತಿದ ಕೆನ್ನೆ. ಮಗಳ ಬಾಯಿಗೆ ಸಿಹಿ ಇಡುವಾಗ ತಮ್ಮದೇ ಬಾಯಿ ತೆರೆದುಕೊಂಡಿರುವುದು. ಸೆಕೆಗೆ ದುಪಟ್ಟಾ ತೆಗೆದು ಗಾಳಿ ಹಾಕಿಕೊಳ್ಳುತ್ತಿರುವುದು. ಬೀಳ್ಕೊಡುವ ಹೊತ್ತಿನಲ್ಲಿ ಅತ್ತು ಊದಿದ ಮುಖ. ಕೆಳಗೆ, ಲಿಂಕ್ ತೆರೆದಾಗ ಅವರೇ ತುಂಬಿದ್ದಂತೆ, ಹೆಸರಿನ ಜಾಗದಲ್ಲಿ 'ಫಾಯಿಜಾ ಅಮ್ಮಿ' ಎಂದೂ ಅದರ ಪಕ್ಕ ಮೊಬೈಲ್ ನಂಬರೂ ಇತ್ತು. ಯುವಕ ಒಂದೊಂದೇ ಫೋಟೋವನ್ನು ದೊಡ್ಡದು ಮಾಡುತ್ತಾ ಹೋದ.

"ಸೂಪರ್ ಕ್ಲಾರಿಟಿ ಸರ್," ಎಂದ.

ಶೀಬಾ ಯಾವಾಗ ಎದ್ದು ನಿಂತಳೋ ಅವಳಿಗೇ ತಿಳಿಯದು. ಕೈಚೀಲ ಕೆಳಗೆ ಬಿದ್ದಿತ್ತು.

"ಸರ್, ಅದನ್ನ ಕ್ಲೋಸ್ ಮಾಡಿ."

"ಯಾವುದನ್ನ?"

"ಫೋಟೋ ಸರ್. ಅದು ಹೆಂಗಸರ ಕಡೇದು."

ಇನ್ಸ್‌ಪೆಕ್ಟರಿಗೆ ಅದು ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ಬೇಡವೆನಿಸಿತೋ, ಪರದೆಯನ್ನು ಮುಚ್ಚಿಸಲಿಲ್ಲ. ಒಂದು ಮದುವೆಯಿಂದಲೇ ಇಷ್ಟು ಸಿಕ್ಕಿದೆ, ಆ ಸುತ್ತಿನ ಎಲ್ಲ ಮದುವೆಗಳೂ ನಿಮ್ಮ ಆ್ಯಪಿನಲ್ಲಿ ಇರುತ್ತವಲ್ಲ, ಲಾಗಿನ್ ಕೊಟ್ಟರೆ ಒಂದು ದಿನದ ಕೆಲಸ ಎಂದರು. ದನಿ ಏರಿಸಲಿಲ್ಲ. ಇದು ಗಾಯಗೊಂಡ ಪೊಲೀಸಿನವನ ಕೇಸು, ಸಹಕರಿಸದಿದ್ದರೆ ಅವಳ ಹೆಸರೂ ಅದರಲ್ಲಿ ಸೇರಬಹುದು ಎಂಬುದನ್ನೂ ಅದೇ ದನಿಯಲ್ಲಿ ಹೇಳಿದರು. ಪಾಸ್‌ವರ್ಡ್ ಎಲ್ಲ ನೋಡಿಕೊಳ್ಳುವುದು ಗಂಡ, ಕೇಳಿ ಹೇಳುತ್ತೇನೆ ಎಂದು ಶೀಬಾ ಹೇಗೋ ಹೇಳಿದಳು. ಸಂಜೆಯೊಳಗೆ ಹೇಳಿ ಎಂದರು.

ಮೆಟ್ಟಿಲಲ್ಲಿ ಪೀರಪ್ಪ ಹಿಂದೆಯೇ ಬಂದರು. ಅವಳು ನಿಲ್ಲಲಿಲ್ಲ.

"ತಂಗಿ, ನಾನಽ ತೋರ್ಸಿದ್ದೆ ಸಾಹೇಬ್ರಿಗೆ ಅದನ್ನ," ಎಂದರು. "ಕೇಸಿಗಂತ ಅಲ್ಲ. ನಂದೊಂದು ಫೋಟೋ ಚೊಲೋ ಬಂದಿತ್ತು, ಅದಕ್ಕ ತೋರ್ಸಿದ್ದೆ."

ಬಾಣಸವಾಡಿಯ ಸ್ಟುಡಿಯೋ ತಲುಪುವವರೆಗೆ ಅವಳಿಗೆ ದಾರಿಯ ಅರಿವಿರಲಿಲ್ಲ. ಗಂಡ ಮುತ್ತುರಾಜ್ ಒಂದು ಮದುವೆಯ ವಿಡಿಯೋ ಎಡಿಟ್ ಮಾಡುತ್ತಾ ಕೂತಿದ್ದ. ಆದದ್ದನ್ನೆಲ್ಲ ಕೇಳಿ ಅವನು ಕೆಲಸ ನಿಲ್ಲಿಸಿದ. ಎಲ್ಲ ಡಿಲೀಟ್ ಮಾಡು ಎಂದು ಶೀಬಾ ಹೇಳಿದಾಗ, ಪ್ರಿಂಟಿಗೆ ಹೋಗದ ಆಲ್ಬಂಗಳು ಅದರಲ್ಲೇ ಇವೆ, ಹಾರ್ಡ್ ಡಿಸ್ಕ್ ತುಂಬಿತೆಂದು ಹಳೆಯದನ್ನೆಲ್ಲ ಅಳಿಸಿ ಆ್ಯಪನ್ನೇ ನಂಬಿದ್ದೇವೆ, ಆ ಹುಡುಗಿಯರಿಗೆ ಏನು ಹೇಳುತ್ತೀ ಎಂದು ಕೇಳಿದ. ಫಾಯಿಜಾಳ ಆಲ್ಬಮ್ಮೂ ಅದರಲ್ಲಿತ್ತು. ಪೊಲೀಸರಿಗೆ ಏನು ಹೇಳುತ್ತೀ ಎಂದು ಅವನು ಕೇಳಲಿಲ್ಲ. ಇಬ್ಬರಿಗೂ ಅದನ್ನು ಯೋಚಿಸಲು ಭಯವಾಗಿತ್ತು.

ಕೊನೆಗೆ ಇಬ್ಬರೂ ಒಂದೇ ಪರದೆಯ ಮುಂದೆ ಕೂತು ಅಳಿಸಿದರು. ಒಂದೊಂದು ಮದುವೆಗೂ ಆ್ಯಪ್ ಖಚಿತವೇ ಎಂದು ಕೇಳುತ್ತಿತ್ತು, ಶೀಬಾ ಹೌದು ಎನ್ನುತ್ತಿದ್ದಳು. ಪ್ರತಿ ಸಲವೂ ಮದುಮಗಳ ಮುಖ ಒಮ್ಮೆ ಕಂಡು ಇಲ್ಲವಾಗುತ್ತಿತ್ತು. ಆ ಕೆಲಸ ಮುಗಿದಾಗ ಅವಳಿಗೆ ಮೈ ಹಗುರವಾದಂತೆ ಅನ್ನಿಸಿತು. ತಟ್ಟೆಗೆ ಊಟ ಬಡಿಸಿಕೊಂಡಳು ಕೂಡ.

ಸಂಜೆ ಇನ್ಸ್‌ಪೆಕ್ಟರೇ ಫೋನ್ ಮಾಡಿದರು. ಸಿಟ್ಟಾಗಿರಲಿಲ್ಲ.

"ಪೀರಪ್ಪನ ಫೋನಲ್ಲಿ ಲಿಂಕ್ ತೆರೀತಿಲ್ಲ, ಡಿಲೀಟ್ ಮಾಡಿದೀರಿ. ಪರವಾಗಿಲ್ಲ ಮೇಡಂ. ನೀವು ಡಿಲೀಟ್ ಮಾಡಿದ್ರೂ ಇನ್ನೂ ಒಂದಷ್ಟು ತಿಂಗಳು ಕಂಪನಿ ಹತ್ರ ಇರುತ್ತೆ. ಶುರುಮಾಡುವಾಗ ನೀವೇ ಒಪ್ಪಿ ಟಿಕ್ ಮಾಡಿರ್ತೀರಾ, ಓದಿರಲ್ಲ ಅಷ್ಟೆ. ನಾವು ಮಧ್ಯಾಹ್ನಾನೇ ಅವರಿಗೆ ಮೇಲ್ ಹಾಕಿದೀವಿ."

ಸಾಕ್ಷ್ಯ ನಾಶಕ್ಕೆ ಬೇರೆ ಸೆಕ್ಷನ್ ಇದೆ, ಅದನ್ನು ಆಮೇಲೆ ನೋಡೋಣ ಎಂದು ಫೋನ್ ಇಟ್ಟರು. ಮುತ್ತುರಾಜ್ ಏನಂತೆ ಎಂದು ಕೇಳಿದ. ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಅದನ್ನೇ ನೋಡುತ್ತಾ ಕೂತಳು. ಮದುವೆಗಳು ಈಗ ಅವಳ ಹತ್ತಿರ ಇರಲಿಲ್ಲ. ಮದುಮಗಳ ಹತ್ತಿರ ಇರಲಿಲ್ಲ, ಅವಳ ತಾಯಿಯ ಹತ್ತಿರ ಇರಲಿಲ್ಲ. ಅವು ಇದ್ದುದು ಯಾವುದೋ ಕಂಪನಿಯ ಹತ್ತಿರ. ಇನ್ನು ಕೆಲವು ದಿನಗಳಲ್ಲಿ ಆ ಎಸಿ ಕೋಣೆಯ ಗೋಡೆಯ ಮೇಲೆ ಇರುತ್ತವೆ.

ಮರುದಿನ ಬೆಳಿಗ್ಗೆ ಹಕೀಂ ಸಾಬ್ ಗಲ್ಲಿಗೆ ಹೋದಾಗ ಕರೀಂ ಚಾಚಾನ ಅಂಗಡಿಯ ಬೆಂಚು ಖಾಲಿ ಇತ್ತು. ಅವನು ಒಲೆ ಹಚ್ಚಿರಲಿಲ್ಲ. ತೊಳೆದ ಗ್ಲಾಸುಗಳನ್ನೇ ಮತ್ತೆ ತೊಳೆಯುತ್ತಿದ್ದ. ಶೀಬಾಳನ್ನು ನೋಡಿ ತಲೆ ತಗ್ಗಿಸಿದ, ಅವಳೂ ತನ್ನನ್ನು ದಾಟಿಹೋಗುವವಳೇ ಎಂದುಕೊಂಡಂತೆ.

ಹಮೀದಾರ ಮನೆಯಲ್ಲಿ ನೋಟಿಸ್ ಫ್ರಿಜ್ಜಿನ ಮೇಲಿತ್ತು, ಹಾರಿಹೋಗದಂತೆ ಅದರ ಮೇಲೊಂದು ಕಪ್ಪು. ರಾತ್ರಿ ತಂದುಕೊಟ್ಟರಂತೆ. ಹಮೀದಾ ಕಂಗೆಟ್ಟಿರಲಿಲ್ಲ. ಬಂದದ್ದು ಒಳ್ಳೆಯದಾಯಿತು, ಇನ್ನು ನನ್ನ ಮೇಲೆ ಯಾರೂ ಅನುಮಾನ ಪಡುವುದಿಲ್ಲ ಎಂದರು. ಕರೀಂ ಇಂಥ ಕೆಲಸ ಮಾಡಿಯಾನೆಂದು ಮಾತ್ರ ತಿಳಿದಿರಲಿಲ್ಲ ಎಂದರು. ಬಿಸ್ಕತ್ತಿನ ಡಬ್ಬಿ ತೆರೆದು ಶೀಬಾಳ ಮುಂದೆ ಇಟ್ಟರು.

"ಕರೀಂ ಅಲ್ಲ ಆಪಾ. ನಾನು."

ಅವಳು ನಿಂತೇ ಹೇಳಿದಳು. ಧರಣಿಗೆ ತನ್ನನ್ನು ಕಳಿಸಿದ್ದು ಯಾರು, ಕಾರ್ಡ್ ಎಲ್ಲಿಗೆ ಹೋಯಿತು, ಚೌಕಗಳು, ಲಿಂಕ್, ಗೋಡೆಯ ಮೇಲೆ ಬಂದ ಫೋಟೋಗಳು, ಅಳಿಸಿದ್ದು, ಅಳಿಸಿದ್ದು ಅಳಿಯದೇ ಉಳಿದದ್ದು. ಒಳಗಿನಿಂದ ಫಾಯಿಜಾ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಹಮೀದಾ ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಕೇಸು, ಕೋರ್ಟು, ಜಾಮೀನು ಯಾವುದನ್ನೂ ವಿಚಾರಿಸಲಿಲ್ಲ.

"ರೂಮಲ್ಲಿ ಎಷ್ಟು ಜನ ಇದ್ರು?"

"ನಾಲ್ಕು ಜನ."

"ಗಂಡಸರಾ?"

"ಹ್ಞೂಂ ಆಪಾ."

"ಎಲ್ಲಾ ನೋಡಿದ್ರಾ?"

ಹಮೀದಾರ ಕೈ ಕತ್ತಿನವರೆಗೆ ಹೋಗಿ, ಅಲ್ಲಿ ದುಪಟ್ಟಾ ಇದೆಯೇ ಎಂದು ಮುಟ್ಟಿ ನೋಡಿಕೊಂಡು, ಅಲ್ಲೇ ನಿಂತಿತು. ಫಾಯಿಜಾ, "ಅಮ್ಮೀ, ಕೂತ್ಕೋ," ಎಂದು ತೋಳು ಹಿಡಿಯಲು ಬಂದಳು. ಅವರು ಕೂರಲಿಲ್ಲ. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತಾ ಬಂದ, ಮನೆಯ ಮುಂದೆ ನಿಂತು ಕೂಗಿದ, ಮುಂದೆ ಹೋದ. ಅವನ ದನಿ ಪೂರ್ತಿ ಅಡಗಿದ ಮೇಲೆ ಹಮೀದಾ ಮುಚ್ಚಳವನ್ನು ಡಬ್ಬಿಗೆ ಒತ್ತಿ ಕೂರಿಸಿದರು.

"ಬೇರೆ ಯಾರ್ಯಾರ ಮದುವೆ ಮಾಡಿದೀಯ ಈ ಗಲ್ಲೀಲಿ?"

ಶೀಬಾ ಹೆಸರುಗಳನ್ನು ಹೇಳಿದಳು.

"ಬಾ. ನೀನೇ ಹೇಳ್ಬೇಕು. ನಂಗೆ ಆಗಲ್ಲ ಅವರಿಗೆ ಹೇಳೋದು."

ಬುರ್ಖಾ ಹಾಕಿಕೊಂಡು ಮೊದಲು ಹೊರಬಿದ್ದವರು ಅವರೇ. ಕರೀಂನ ಅಂಗಡಿಯ ಮುಂದೆ ನಿಂತು, ಒಳಗೆ ಬಗ್ಗಿ ಏನೋ ಹೇಳಿದರು. ಶೀಬಾಗೆ ಕೇಳಿಸಲಿಲ್ಲ. ಕರೀಂ ಗ್ಲಾಸನ್ನು ಕೆಳಗಿಟ್ಟು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

ಮೊದಲ ಮನೆಯ ಹೆಂಗಸು ಪೂರ್ತಿ ಕೇಳಿ, ನಿನಗೂ ಅಕ್ಕತಂಗಿಯರು ಇಲ್ಲವೇ ಎಂದು ಕೇಳಿದಳು. ಎರಡನೆಯ ಮನೆಯಲ್ಲಿ ಅರ್ಧಕ್ಕೇ ಬಾಗಿಲು ಹಾಕಿಕೊಂಡರು. ಇನ್ನೊಂದರಲ್ಲಿ ಅತ್ತೆ ಸೊಸೆಯರಿಬ್ಬರೂ ಅರ್ಥವಾಗದೆ, ಯಾವ ಕಂಪನಿ, ಅವರಿಗೆ ನಮ್ಮ ಫೋಟೋ ಏಕೆ ಎಂದು ಮತ್ತೆ ಮತ್ತೆ ಕೇಳಿದರು. ಶೀಬಾ ಮತ್ತೆ ಮತ್ತೆ ಹೇಳಿದಳು. ಪ್ರತಿ ಮನೆಯಲ್ಲೂ ಹಮೀದಾ ಒಂದು ಪಕ್ಕ ಗೋಡೆಗೆ ಒತ್ತಿ ನಿಂತಿದ್ದರು. ಸಹಾಯಕ್ಕೆ ಒಂದು ಮಾತೂ ಸೇರಿಸಲಿಲ್ಲ, ಬಿಟ್ಟೂ ಹೋಗಲಿಲ್ಲ.

ಗಲ್ಲಿಯ ಕೊನೆಯಲ್ಲಿ ಶಂಶುನ್ನೀಸಾರ ಮನೆ. ವಿಧವೆ, ಅರುವತ್ತು ದಾಟಿದವರು. ಮಕ್ಕಳಿಗೆ ಅರಬ್ಬಿ ಓದಿಸುತ್ತಾರೆ. ಧರಣಿಗೆ ಅವರು ಬಂದದ್ದು ಒಂದೇ ದಿನ, ಶೀಬಾ ಹೋಗಿದ್ದ ದಿನ. ಕೊನೆಯ ಸಾಲಿನಲ್ಲಿ ತಸ್ಬೀಹ್ ಮಣಿ ಎಣಿಸುತ್ತಾ ಕೂತಿದ್ದರು. ಅವರ ಕಿರಿಯ ಮಗಳ ಮದುವೆಯನ್ನು ಶೀಬಾ ಚಳಿಗಾಲದಲ್ಲಿ ಶೂಟ್ ಮಾಡಿದ್ದಳು. ಈಗ ಬಾಗಿಲು ತೆರೆದು, ಇಬ್ಬರನ್ನೂ ಒಳಗೆ ಬನ್ನಿ ಎಂದು ಕರೆದು, ಮಾತು ಶುರುವಾದಾಗ ಬಾಗಿಲಲ್ಲೇ ನಿಂತುಬಿಟ್ಟರು. ಕೇಳುತ್ತಾ ಕೇಳುತ್ತಾ ಹೊಸ್ತಿಲ ಮೇಲೆ ಕೂತರು.

"ನಂದು ಯಾವ ಫೋಟೋ ಇದೆ ಅದ್ರಲ್ಲಿ?"

ಶೀಬಾಗೆ ನೆನಪಿತ್ತು. ಮೆಹಂದಿಯ ಸಂಜೆ ಹುಡುಗಿಯರು ಎಳೆದುಕೊಂಡು ಹೋಗಿ ಈ ಮುದುಕಿಯನ್ನು ನಡುವೆ ನಿಲ್ಲಿಸಿದ್ದರು. ಮೊದಲು ಬೇಡ ಬೇಡ ಎಂದವರು ಆಮೇಲೆ ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿ, ಯಾರೂ ನಿರೀಕ್ಷಿಸದಷ್ಟು ಚೆನ್ನಾಗಿ ಕುಣಿದಿದ್ದರು. ಜಡೆ ಬಿಚ್ಚಿಹೋಗಿತ್ತು. ಶೀಬಾ ಅವರ ಸುತ್ತ ಸುತ್ತಿ ತೆಗೆದಿದ್ದಳು.

"ಕುಣಿದದ್ದು," ಎಂದಳು.

ಶಂಶುನ್ನೀಸಾ ತಲೆಯಾಡಿಸಿದರು. ತಮ್ಮ ಕೈಗಳನ್ನೇ ನೋಡಿಕೊಂಡರು.

"ಬಾಗಿಲು ಹಾಕಿತ್ತಲ್ಲ ಅವತ್ತು," ಎಂದರು. ಶೀಬಾಗೆ ಅಲ್ಲ, ಹಮೀದಾಗೆ ನೆನಪಿಸುವಂತೆ ಇನ್ನೊಮ್ಮೆ ಹೇಳಿದರು. "ಬಡಿಸೋ ಹುಡುಗರನ್ನೂ ಹೊರಗೆ ಕಳಿಸಿ ನಾನೇ ಚಿಲಕ ಹಾಕಿದ್ದೆ. ಮೇಲಿಂದು, ಕೆಳಗಿಂದು, ಎರಡೂ."

ಒಳಗೆ ಕುಕ್ಕರ್ ಕೂಗಿತು. ಯಾರೂ ಏಳಲಿಲ್ಲ. ಮತ್ತೆ ಕೂಗಿತು. ಬೇಳೆ ಸೀದ ವಾಸನೆ ಬರತೊಡಗಿದ ಮೇಲೆ ಹಮೀದಾ ಹೊಸ್ತಿಲಲ್ಲಿ ಕೂತವರನ್ನು ಬಳಸಿಕೊಂಡು ಒಳಗೆ ಹೋಗಿ ಒಲೆ ಆರಿಸಿದರು. ಆಮೇಲೆ ಅವರು ಹೊರಗೆ ಬರ‍ಲಿಲ್ಲ.

ಒಳಗೆ ಬನ್ನಿ ಎಂದಾಗ ಶೀಬಾ ಒಂದು ಚಪ್ಪಲಿ ಬಿಟ್ಟಿದ್ದಳು. ಇನ್ನೊಂದು ಕಾಲಲ್ಲೇ ಇತ್ತು. ಅವಳು ಹಾಗೆಯೇ ನಿಂತಿದ್ದಳು, ಒಂದು ಪಾದದ ಕೆಳಗೆ ಬಿಸಿಲಿಗೆ ಸುಡತೊಡಗಿದ್ದ ಕಲ್ಲು.